ಸುರತ್ಕಲ್–ಪಣಂಬೂರು: ಕರಾವಳಿಯ ಕೈಗಾರಿಕೆಗಳು ಮತ್ತು ದುಡಿಯುವ ಜನ

ಮಂಗಳೂರು ನಗರದಿಂದ ಉತ್ತರಕ್ಕೆ ಸಾಗಿ ಕೂಳೂರಿನಲ್ಲಿ ಗುರುಪುರ ನದಿಯನ್ನು ದಾಟಿದ ಕೂಡಲೇ ರಾಷ್ಟ್ರೀಯ ಹೆದ್ದಾರಿ 66ರ ಇಕ್ಕೆಲಗಳ ನೋಟ ಬದಲಾಗುತ್ತದೆ. ಒಂದೆಡೆ ಗೊಬ್ಬರದ ಕಾರ್ಖಾನೆ, ಉಂಡೆ ಕಬ್ಬಿಣದ ಸ್ಥಾವರ ಮತ್ತು ನವಮಂಗಳೂರು ಬಂದರು. ಇನ್ನೊಂದೆಡೆ ಬೈಕಂಪಾಡಿ ಕೈಗಾರಿಕಾ ಪ್ರದೇಶ. ಪಣಂಬೂರು, ಬೈಕಂಪಾಡಿ, ಕುಳಾಯಿ, ಹೊಸಬೆಟ್ಟು, ಸುರತ್ಕಲ್, ಮುಕ್ಕ ಎಂಬ ಕಡಲ ಬದಿಯ ಊರುಗಳೂ ಅವುಗಳ ಪೂರ್ವಕ್ಕಿರುವ ಜೋಕಟ್ಟೆ, ತೋಕೂರು, ಕೃಷ್ಣಾಪುರ, ಕಾಟಿಪಳ್ಳ, ಬಾಳ, ಕುತ್ತೆತ್ತೂರು, ಪೆರ್ಮುದೆಗಳೂ ಸೇರಿದ ಈ ಉಪನಗರ ವಲಯದಷ್ಟು ಬೃಹತ್ ಉದ್ಯಮಗಳನ್ನು ರಾಜ್ಯದ ಕರಾವಳಿಯ ಬೇರಾವ ಭಾಗವೂ ಕಂಡಿಲ್ಲ. ತೈಲ, ರಸಗೊಬ್ಬರ, ಅದಿರು, ಅಡುಗೆ ಅನಿಲ, ಕಲ್ಲಿದ್ದಲು ಎಲ್ಲವೂ ಇಲ್ಲಿಂದಲೇ ಒಳನಾಡಿಗೆ ಹೋಗುತ್ತವೆ ಅಥವಾ ಹೊರನಾಡಿಗೆ ಹಡಗೇರುತ್ತವೆ.

ಆದರೆ ಉದ್ಯಮದ ಗಾತ್ರಕ್ಕೂ ಅದು ಕೊಡುವ ಉದ್ಯೋಗದ ಪ್ರಮಾಣಕ್ಕೂ ನೇರ ಸಂಬಂಧವಿಲ್ಲ ಎಂಬುದನ್ನು ಅರಿಯಲು ಈ ವಲಯಕ್ಕಿಂತ ಉತ್ತಮ ನಿದರ್ಶನ ದೊರೆಯುವುದು ಕಷ್ಟ. ಸಾವಿರಾರು ಕೋಟಿ ರೂಪಾಯಿ ಬಂಡವಾಳದ ಸ್ಥಾವರಗಳ ಆವರಣ ಗೋಡೆಯ ಪಕ್ಕದಲ್ಲೇ ಮನೆಯ ಜಗಲಿಯಲ್ಲಿ ಕುಳಿತು ಬೀಡಿ ಸುತ್ತುವ ಹೆಂಗಸರು, ನಾಡದೋಣಿಯಲ್ಲಿ ಕಡಲಿಗಿಳಿಯುವ ಮೀನುಗಾರರು, ಗುತ್ತಿಗೆದಾರನ ಕರೆಗಾಗಿ ಕಾಯುವ ಯುವಕರು ಇದ್ದಾರೆ. ಈ ಎರಡು ಲೋಕಗಳ ನಡುವಿನ ಅಂತರವೇ ಇಲ್ಲಿನ ದುಡಿಮೆಯ ಚರಿತ್ರೆ.

ಬಂದರಿಗೆ ಮೊದಲು

1960ರ ದಶಕದವರೆಗೆ ಇಲ್ಲಿನ ಜನಜೀವನ ಮೂರು ಕಸುಬುಗಳನ್ನು ಆಧರಿಸಿತ್ತು. ಕಡಲ ತಡಿಯ ಪಟ್ಣಗಳಲ್ಲಿ ಮೊಗವೀರರು ರಂಪಣಿ ಬಲೆಯಿಂದ ಬೂತಾಯಿ, ಬಂಗುಡೆ ಹಿಡಿಯುತ್ತಿದ್ದರು. ರಂಪಣಿ ಎಂದರೆ ದಡದಿಂದಲೇ ಎಳೆಯುವ ಉದ್ದನೆಯ ಬಲೆ. ಅದನ್ನು ಎಳೆಯಲು ಹತ್ತಾರು ಜನರ ಕೈ ಬೇಕು, ಬಂದ ಮೀನು ಅಷ್ಟೂ ಜನರಿಗೆ ಪಾಲಾಗುತ್ತಿತ್ತು. ಒಳಗಿನ ಬೈಲುಗಳಲ್ಲಿ ಗೇಣಿದಾರರು ಭತ್ತ ಮತ್ತು ತೆಂಗು ಬೆಳೆಯುತ್ತಿದ್ದರು. ಮೂರನೆಯದು ಮನೆಮನೆಯ ಬೀಡಿ ಕಸುಬು. ಹೊಟ್ಟೆಪಾಡಿಗಾಗಿ ಮುಂಬಯಿಗೆ ಹೋಗುವುದು ಆಗಲೇ ರೂಢಿಯಲ್ಲಿತ್ತು; 1970ರ ದಶಕದ ನಂತರ ಆ ಸ್ಥಾನವನ್ನು ಕೊಲ್ಲಿ ರಾಷ್ಟ್ರಗಳು ಬಹುಮಟ್ಟಿಗೆ ಪಡೆದವು.

ವಲಯದ ಚಹರೆಯನ್ನು ಬದಲಿಸಿದ ಮೊದಲ ಸಂಸ್ಥೆ ಕಾರ್ಖಾನೆಯಲ್ಲ, ಕಾಲೇಜು. 1960ರಲ್ಲಿ ಸುರತ್ಕಲ್ಲಿನ ಕಡಲ ತಡಿಯಲ್ಲಿ ಕರ್ನಾಟಕ ಪ್ರಾದೇಶಿಕ ಇಂಜಿನಿಯರಿಂಗ್ ಕಾಲೇಜು ಆರಂಭವಾಯಿತು. ಅದೇ 2002ರಲ್ಲಿ ರಾಷ್ಟ್ರೀಯ ತಂತ್ರಜ್ಞಾನ ಸಂಸ್ಥೆಯಾಗಿ ಮಾರ್ಪಟ್ಟಿತು. ಕಾಲೇಜು, ಬಜ್ಪೆ ವಿಮಾನ ನಿಲ್ದಾಣ, ಹೆದ್ದಾರಿ ಮತ್ತು ಬಂದರು ಈ ನಾಲ್ಕರ ಹಿಂದೆಯೂ ಸಂಸದ ಉಳ್ಳಾಲ ಶ್ರೀನಿವಾಸ ಮಲ್ಯ ಅವರ ಪ್ರಯತ್ನವಿತ್ತು. 1965ರಲ್ಲಿ ನಿಧನರಾದ ಅವರು ಬಂದರಿಗೆ ಹಡಗು ಬಂದುದನ್ನು ಕಾಣಲಿಲ್ಲ. ಕಾಲೇಜಿನ ನೆಲೆಗೆ ಶ್ರೀನಿವಾಸನಗರ ಎಂಬ ಹೆಸರು ಉಳಿದಿದೆ.

ಅಗೆದು ಮಾಡಿದ ಬಂದರು

ನೇತ್ರಾವತಿ ಮತ್ತು ಗುರುಪುರ ನದಿಗಳು ಕಡಲು ಸೇರುವಲ್ಲಿರುವ ಹಳೆಯ ಬಂದರಿಗೆ ದೊಡ್ಡ ಹಡಗುಗಳು ಬರುವಂತಿರಲಿಲ್ಲ. ಅದರ ಉತ್ತರಕ್ಕೆ ಪಣಂಬೂರಿನಲ್ಲಿ ನೆಲವನ್ನೇ ಅಗೆದು, ಸಮುದ್ರಕ್ಕೆ ಎರಡು ತಡೆಗೋಡೆಗಳನ್ನು ಚಾಚಿ, ಕೃತಕ ಬಂದರನ್ನು ನಿರ್ಮಿಸುವ ಕಾರ್ಯ 1962ರಲ್ಲಿ ಆರಂಭವಾಯಿತು. 1974ರ ಮೇ 4ರಂದು ಇದನ್ನು ದೇಶದ ಒಂಬತ್ತನೆಯ ಪ್ರಮುಖ ಬಂದರೆಂದು ಘೋಷಿಸಲಾಯಿತು. 1975ರ ಜನವರಿ 11ರಂದು ಪ್ರಧಾನಿ ಇಂದಿರಾ ಗಾಂಧಿ ವಿಧ್ಯುಕ್ತವಾಗಿ ಉದ್ಘಾಟಿಸಿದರು.

ಅಗೆದ ನೆಲದ ಮೇಲೆ ಊರುಗಳಿದ್ದವು. ಅಲ್ಲಿಂದ ಎಬ್ಬಿಸಲಾದ ಕುಟುಂಬಗಳಿಗೆ ಪೂರ್ವದ ಗುಡ್ಡ ಪ್ರದೇಶವಾದ ಕಾಟಿಪಳ್ಳ ಮತ್ತು ಕೃಷ್ಣಾಪುರಗಳಲ್ಲಿ ಪುನರ್ವಸತಿ ಕಲ್ಪಿಸಲಾಯಿತು. ನಿವೇಶನಗಳನ್ನು ಅಂದು ಬ್ಲಾಕುಗಳಾಗಿ ವಿಂಗಡಿಸಿದ್ದರು. ಮೂರನೇ ಬ್ಲಾಕ್, ಏಳನೇ ಬ್ಲಾಕ್, ಒಂಬತ್ತನೇ ಬ್ಲಾಕ್ ಎಂಬ ಆ ಸರಕಾರಿ ಗುರುತುಗಳೇ ಊರಿನ ಹೆಸರುಗಳಾಗಿ ಇಂದಿಗೂ ಬಸ್ಸಿನ ಫಲಕಗಳಲ್ಲಿಯೂ ಅಂಚೆ ವಿಳಾಸಗಳಲ್ಲಿಯೂ ಬಳಕೆಯಲ್ಲಿವೆ. ಕಡಲಿನಿಂದ ದೂರವಾದವರಿಗೆ ಮೀನುಗಾರಿಕೆ ಕಷ್ಟವಾಯಿತು, ಗುಡ್ಡದ ನಿವೇಶನದಲ್ಲಿ ಬೇಸಾಯವಿರಲಿಲ್ಲ. ಕೂಲಿ, ಬೀಡಿ, ಚಾಲಕ ವೃತ್ತಿ, ವಿದೇಶದ ನೌಕರಿಗಳೇ ಮುಂದಿನ ತಲೆಮಾರಿನ ದಾರಿಯಾದವು.

ಕಚ್ಚಾ ತೈಲ, ಪೆಟ್ರೋಲಿಯಂ ಉತ್ಪನ್ನ, ಅಡುಗೆ ಅನಿಲ, ಕಲ್ಲಿದ್ದಲು, ರಸಗೊಬ್ಬರ, ಖಾದ್ಯ ತೈಲ, ಮರದ ದಿಮ್ಮಿ, ಕಚ್ಚಾ ಗೇರುಬೀಜ, ಕಾಫಿ ಇವು ಬಂದರಿನ ಮುಖ್ಯ ಸರಕುಗಳು. ಇತ್ತೀಚಿನ ವರ್ಷಗಳಲ್ಲಿ ಬಂದರು ವಾರ್ಷಿಕ ನಾಲ್ಕು ಕೋಟಿ ಟನ್ನಿಗೂ ಮಿಕ್ಕಿ ಸರಕನ್ನು ನಿರ್ವಹಿಸಿದೆ. ಇದರ ದೊಡ್ಡ ಪಾಲು ದ್ರವ ರೂಪದ್ದು. ಕೊಳವೆಯಲ್ಲಿ ಹರಿಯುವ ಸರಕಿಗೆ ಹೊರುವ ಹೆಗಲು ಬೇಡ. 2022ರ ಸೆಪ್ಟೆಂಬರ್ 2ರಂದು ಪ್ರಧಾನಿ ನರೇಂದ್ರ ಮೋದಿ ಉದ್ಘಾಟಿಸಿದ 14ನೇ ಬರ್ತಿನ ಯಾಂತ್ರೀಕರಣ ಕಂಟೇನರ್ ಮತ್ತಿತರ ಸರಕಿಗೂ ಇದೇ ಕ್ರಮವನ್ನು ವಿಸ್ತರಿಸಿತು. ಹಡಗು ಬೇಗ ಹಿಂದಿರುಗುವುದು ವ್ಯಾಪಾರಕ್ಕೆ ಲಾಭ. ಆದರೆ ಮೂಟೆ ಹೊತ್ತು ಬದುಕಿದ ಹಮಾಲರ ಪಾಳಿಗಳು ಅದರೊಡನೆ ಕಡಿಮೆಯಾಗುತ್ತವೆ.

ಕುದುರೆಮುಖದ ಅದಿರು

ಪಣಂಬೂರಿನ ಉಂಡೆ ಕಬ್ಬಿಣದ ಸ್ಥಾವರದ ಕಥೆ, ಸ್ಥಳೀಯ ಉದ್ಯೋಗದ ಭವಿಷ್ಯ ಎಷ್ಟು ದೂರದಲ್ಲಿ ನಿರ್ಧಾರವಾಗುತ್ತದೆ ಎಂಬುದಕ್ಕೆ ಸಾಕ್ಷಿ. ಇರಾನಿಗೆ ಅದಿರು ಪೂರೈಸುವ ಉದ್ದೇಶದಿಂದ 1976ರಲ್ಲಿ ಕುದುರೆಮುಖ ಕಬ್ಬಿಣದ ಅದಿರು ಕಂಪೆನಿ ಸ್ಥಾಪನೆಯಾಯಿತು. ಪಶ್ಚಿಮ ಘಟ್ಟದಲ್ಲಿ ಅಗೆದು ಶುದ್ಧೀಕರಿಸಿದ ಅದಿರನ್ನು ನೀರಿನೊಡನೆ ಬೆರೆಸಿ, ಸುಮಾರು 67 ಕಿಲೋಮೀಟರ್ ಉದ್ದದ ಕೊಳವೆಯಲ್ಲಿ ಘಟ್ಟದ ಇಳಿಜಾರಿನ ಬಲದಿಂದಲೇ ಪಣಂಬೂರಿಗೆ ಹರಿಸುವ ವ್ಯವಸ್ಥೆಯಾಯಿತು. 1979ರ ಕ್ರಾಂತಿಯ ನಂತರ ಇರಾನಿನ ಒಪ್ಪಂದ ಮುರಿದುಬಿತ್ತು. ಅದಿರಿಗೆ ಬೇರೆ ಮಾರುಕಟ್ಟೆ ಕಂಡುಕೊಳ್ಳುವ ಸಲುವಾಗಿ ವರ್ಷಕ್ಕೆ 35 ಲಕ್ಷ ಟನ್ ಸಾಮರ್ಥ್ಯದ ಉಂಡೆ ಸ್ಥಾವರ 1987ರಲ್ಲಿ ಕಾರ್ಯಾರಂಭ ಮಾಡಿತು.

ರಾಷ್ಟ್ರೀಯ ಉದ್ಯಾನದೊಳಗಿನ ಗಣಿಗಾರಿಕೆಯ ವಿರುದ್ಧ ನಡೆದ ಪರಿಸರ ಹೋರಾಟ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು. 2002ರ ಅಕ್ಟೋಬರ್ 30ರ ತೀರ್ಪಿನಂತೆ 2005ರ ಕೊನೆಯ ದಿನ ಗಣಿ ನಿಂತಿತು. ಭದ್ರಾ ನದಿಗೂ ಶೋಲಾ ಕಾಡಿಗೂ ಅದು ಅಗತ್ಯವಾದ ತೀರ್ಪು. ಆದರೆ ಅಂದಿನಿಂದ ಪಣಂಬೂರಿನ ಸ್ಥಾವರ ಹೊರಗಿನಿಂದ ತರಿಸಿದ ಅದಿರನ್ನೇ ನಂಬಬೇಕಾಯಿತು. ಛತ್ತೀಸಗಢದ ಅದಿರು ವಿಶಾಖಪಟ್ಟಣದಿಂದ ಹಡಗಿನಲ್ಲಿ ಸುತ್ತಿ ಬಂದಾಗ ವೆಚ್ಚ ಏರುತ್ತದೆ. ಉಂಡೆಯ ಬೆಲೆ ಕುಸಿದಾಗ ಸ್ಥಾವರ ನಿಲ್ಲುತ್ತದೆ. 2001ರಲ್ಲಿ ಆರಂಭಿಸಿದ್ದ ಊದುಕುಲುಮೆ ಘಟಕ 2009ರಲ್ಲಿ ಸ್ಥಗಿತವಾಯಿತು. ಸಂಡೂರಿನ ದೇವದಾರಿ ಬೆಟ್ಟದಲ್ಲಿ ಹೊಸ ಗಣಿ ಪಡೆಯುವ ಯತ್ನಕ್ಕೆ 2024ರಲ್ಲಿ ರಾಜ್ಯ ಸರಕಾರ ಅರಣ್ಯ ಭೂಮಿಯ ಕಾರಣದಿಂದ ತಡೆಯೊಡ್ಡಿತು. ಕಾಡು ಉಳಿಯಬೇಕೆಂಬುದೂ ನ್ಯಾಯ, ದುಡಿಮೆ ಉಳಿಯಬೇಕೆಂಬುದೂ ನ್ಯಾಯ ಎಂಬ ಇಕ್ಕಟ್ಟು ಇಲ್ಲಿ ಇನ್ನೂ ಬಗೆಹರಿದಿಲ್ಲ.

ಗೊಬ್ಬರದ ಕಾರ್ಖಾನೆ

ರಾಜ್ಯದ ಏಕೈಕ ಯೂರಿಯಾ ಕಾರ್ಖಾನೆ ಪಣಂಬೂರಿನಲ್ಲಿದೆ. ಮಂಗಳೂರು ಕೆಮಿಕಲ್ಸ್ ಆ್ಯಂಡ್ ಫರ್ಟಿಲೈಸರ್ಸ್ ಕಂಪೆನಿಯದಾಗಿ ಇದು 1976ರಲ್ಲಿ ಉತ್ಪಾದನೆ ಆರಂಭಿಸಿತು. ಯೂರಿಯಾ ಸಾಮರ್ಥ್ಯ ವರ್ಷಕ್ಕೆ ಸುಮಾರು 3.8 ಲಕ್ಷ ಟನ್. ಬಯಲುಸೀಮೆಯ ಜೋಳ, ಭತ್ತದ ಗದ್ದೆಗಳಿಗೆ ಹೋಗುವ 'ಮಂಗಳಾ' ಗೊಬ್ಬರದ ಚೀಲ ಈ ಊರಿನ ಹೆಸರನ್ನು ರಾಜ್ಯದ ರೈತರೆಲ್ಲರಿಗೂ ಪರಿಚಯಿಸಿತು.

ಕಾರ್ಖಾನೆಯ ಮೂಲ ಕಚ್ಚಾವಸ್ತು ನಾಫ್ತಾ. ಅದು ದುಬಾರಿಯಾದ ಕಾರಣ ಇಂಥ ಕಾರ್ಖಾನೆಗಳು ನೈಸರ್ಗಿಕ ಅನಿಲಕ್ಕೆ ಬದಲಾಗಬೇಕೆಂದು ಕೇಂದ್ರ ಸರಕಾರ ಒತ್ತಾಯಿಸಿತು. ಆದರೆ ಮಂಗಳೂರಿಗೆ ಅನಿಲದ ಕೊಳವೆಯೇ ಬಂದಿರಲಿಲ್ಲ. ಸಹಾಯಧನದ ನೀತಿ ಅನಿಶ್ಚಿತವಾದಾಗ 2014ರಲ್ಲಿ ಯೂರಿಯಾ ಉತ್ಪಾದನೆ ಕೆಲಕಾಲ ನಿಂತಿತು. ಸುಮಾರು 450 ಕಿಲೋಮೀಟರ್ ಉದ್ದದ ಕೊಚ್ಚಿ–ಮಂಗಳೂರು ಅನಿಲ ಕೊಳವೆ ಮಾರ್ಗ ಕೇರಳದಲ್ಲಿ ಭೂಮಿಯ ತಕರಾರುಗಳನ್ನು ದಾಟಿ ಪೂರ್ಣಗೊಂಡು 2021ರ ಜನವರಿ 5ರಂದು ಲೋಕಾರ್ಪಣೆಯಾದ ಮೇಲೆ ಆ ಆತಂಕ ಬಹುಮಟ್ಟಿಗೆ ನೀಗಿತು. ಕಾರ್ಖಾನೆಯ ಒಡೆತನವೂ ಹಲವು ಕೈಗಳನ್ನು ಕಂಡಿದೆ. 1990ರ ವೇಳೆಗೆ ಯುಬಿ ಸಮೂಹದ ಹಿಡಿತಕ್ಕೆ ಬಂದಿದ್ದ ಅದು 2015ರ ಹೊತ್ತಿಗೆ ಜುವಾರಿ ಸಮೂಹದ ವಶವಾಯಿತು.

ತೈಲ ಶುದ್ಧೀಕರಣ ಮತ್ತು ವಿಶೇಷ ವಲಯ

ವಲಯದ ಅತಿ ದೊಡ್ಡ ಉದ್ಯಮ ಕುತ್ತೆತ್ತೂರು–ಬಾಳ ಭಾಗದಲ್ಲಿರುವ ಮಂಗಳೂರು ತೈಲ ಶುದ್ಧೀಕರಣಾಗಾರ, ಅಂದರೆ ಎಂಆರ್‌ಪಿಎಲ್. 1988ರಲ್ಲಿ ಹಿಂದೂಸ್ತಾನ್ ಪೆಟ್ರೋಲಿಯಂ ಮತ್ತು ಆದಿತ್ಯ ಬಿರ್ಲಾ ಸಮೂಹದ ಜಂಟಿ ಸಾಹಸವಾಗಿ ಹುಟ್ಟಿದ ಇದು 1996ರಲ್ಲಿ ವರ್ಷಕ್ಕೆ 30 ಲಕ್ಷ ಟನ್ ಸಾಮರ್ಥ್ಯದೊಂದಿಗೆ ಕೆಲಸ ಆರಂಭಿಸಿತು. 1999ರಲ್ಲಿ ಸಾಮರ್ಥ್ಯ 96.9 ಲಕ್ಷ ಟನ್ನಿಗೇರಿತು. ನಷ್ಟದಲ್ಲಿದ್ದ ಕಂಪೆನಿಯನ್ನು 2003ರಲ್ಲಿ ಒಎನ್‌ಜಿಸಿ ವಹಿಸಿಕೊಂಡ ಬಳಿಕ ಅದು ಚೇತರಿಸಿತು. ಮೂರನೇ ಹಂತದ ವಿಸ್ತರಣೆಯೊಂದಿಗೆ ಸಾಮರ್ಥ್ಯ 1.5 ಕೋಟಿ ಟನ್ ಆಯಿತು. 2003ರಲ್ಲೇ ಬಳಕೆಗೆ ಬಂದ ಮಂಗಳೂರು–ಹಾಸನ–ಬೆಂಗಳೂರು ಕೊಳವೆ ಮಾರ್ಗ ಇಂಧನವನ್ನು ನೇರವಾಗಿ ರಾಜಧಾನಿಯತ್ತ ಒಯ್ಯುತ್ತದೆ. ಪೆರ್ಮುದೆಯ ನೆಲದಾಳದಲ್ಲಿ ಬಂಡೆ ಕೊರೆದು ನಿರ್ಮಿಸಿದ ಗುಹೆಗಳಲ್ಲಿ ದೇಶದ ಆಪತ್ಕಾಲಕ್ಕಾಗಿ 15 ಲಕ್ಷ ಟನ್ ಕಚ್ಚಾ ತೈಲ ಸಂಗ್ರಹಿಸುವ ವ್ಯವಸ್ಥೆಯಿದೆ.

ಈ ಭೂಮಿಯ ಹಿನ್ನೆಲೆಯನ್ನು ಮರೆಯುವಂತಿಲ್ಲ. 1974ರ ಭೂಸುಧಾರಣಾ ತಿದ್ದುಪಡಿಯ ಫಲವಾಗಿ ದಕ್ಷಿಣ ಕನ್ನಡದ ಗೇಣಿದಾರರು ತಾವು ಉತ್ತಿದ ಹೊಲಕ್ಕೆ ಒಡೆಯರಾದರು. ಆ ಒಡೆತನ ಕೆಲವೆಡೆ ಒಂದೇ ತಲೆಮಾರು ಬಾಳಿತು. ಶುದ್ಧೀಕರಣಾಗಾರಕ್ಕೂ ಆನಂತರ ವಿಶೇಷ ಆರ್ಥಿಕ ವಲಯಕ್ಕೂ ಭೂಸ್ವಾಧೀನ ನಡೆಯಿತು. ವಲಯದ ಪುನರ್ವಸತಿ ಯೋಜನೆ ನಿರ್ವಸಿತ ಕುಟುಂಬಕ್ಕೊಂದು ಉದ್ಯೋಗದ ಭರವಸೆ ನೀಡಿತು. ಎರಡನೇ ಹಂತಕ್ಕಾಗಿ ಗುರುತಿಸಿದ್ದ ಸುಮಾರು 2,000 ಎಕರೆ ಭೂಮಿಯನ್ನು ರೈತರ ಹಾಗೂ ಮಠಾಧೀಶರ ವಿರೋಧದ ನಂತರ ಸರಕಾರ 2011ರಲ್ಲಿ ಕೈಬಿಟ್ಟಿತು.

ಎಲ್ಲ ಉದ್ಯಮವೂ ನೆಲೆನಿಂತಿಲ್ಲ. 2001ರಲ್ಲಿ ತಣ್ಣೀರುಬಾವಿಯಲ್ಲಿ ನದಿಯ ಮೇಲೆ ತೇಲುವ ನಾವೆಗಳಲ್ಲಿ ಸ್ಥಾಪಿಸಿದ್ದ 220 ಮೆಗಾವ್ಯಾಟಿನ ವಿದ್ಯುತ್ ಸ್ಥಾವರವನ್ನು 2010ರ ವೇಳೆಗೆ ಆಂಧ್ರದ ಕಾಕಿನಾಡಕ್ಕೆ ಸಾಗಿಸಲಾಯಿತು.

ಬೈಕಂಪಾಡಿ ಮತ್ತು ಸಾರಿಗೆ

ಬೃಹತ್ ಸ್ಥಾವರಗಳ ಸುತ್ತ ಬೆಳೆದುದು ಬೈಕಂಪಾಡಿ ಕೈಗಾರಿಕಾ ಪ್ರದೇಶ. ಗೇರುಬೀಜ ಸಂಸ್ಕರಣೆ, ಖಾದ್ಯ ತೈಲ, ಲೋಹದ ಬಿಡಿಭಾಗ, ಪ್ಲಾಸ್ಟಿಕ್, ಆಹಾರ ಪದಾರ್ಥ, ಗೋದಾಮು ಹೀಗೆ ಇಲ್ಲಿನ ಘಟಕಗಳು ಹಲವು ಬಗೆ. ಗೇರುಬೀಜದ ಸಿಪ್ಪೆ ಬಿಡಿಸುವುದು, ತಿರುಳನ್ನು ವಿಂಗಡಿಸುವುದು ಬಹುಪಾಲು ಹೆಂಗಸರ ಕೆಲಸ. ಯಂತ್ರಗಳು ಬಂದ ಮೇಲೆ ಇಲ್ಲಿಯೂ ಕೈಕೆಲಸದ ಪ್ರಮಾಣ ತಗ್ಗಿದೆ.

ಲಾರಿ ಮತ್ತು ಟ್ಯಾಂಕರುಗಳ ಸುತ್ತ ಚಾಲಕ, ಕ್ಲೀನರ್, ಮೆಕ್ಯಾನಿಕ್, ಟಯರ್ ಅಂಗಡಿ, ಹೋಟೆಲುಗಳದೇ ಒಂದು ಪ್ರತ್ಯೇಕ ಉದ್ಯೋಗ ಜಾಲವಿದೆ. ಅದೂ ಅಲುಗುವಂಥದೇ. 2000ದ ದಶಕದಲ್ಲಿ ಬಳ್ಳಾರಿಯ ಅದಿರು ಲಾರಿಗಳು ಸಾಲುಗಟ್ಟಿ ಬರುತ್ತಿದ್ದವು. 2010ರ ಜುಲೈಯಲ್ಲಿ ರಾಜ್ಯ ಸರಕಾರ ಅದಿರು ರಫ್ತನ್ನು ನಿಷೇಧಿಸಿದಾಗ ಆ ಸಾಲು ಕರಗಿತು. ಬಂದರಿಗೆಂದೇ ನಿರ್ಮಿಸಿದ ಹಾಸನ–ಮಂಗಳೂರು ರೈಲು ಮಾರ್ಗ ಹಳಿ ಪರಿವರ್ತನೆಗಾಗಿ ಹಲವು ವರ್ಷ ಮುಚ್ಚಿತ್ತು. ಮಳೆಗಾಲದಲ್ಲಿ ಶಿರಾಡಿ ಘಾಟಿ ಕುಸಿದರೆ ಬಂದರಿನ ವ್ಯವಹಾರವೂ ಕುಂಟುತ್ತದೆ. ಉತ್ತರದಿಂದ ಬರುವ ಕೊಂಕಣ ರೈಲ್ವೆ ತೋಕೂರಿನಲ್ಲಿ ಕೊನೆಗೊಳ್ಳುತ್ತದೆ.

ಮೀನುಗಾರರು

1970ರ ದಶಕದಲ್ಲಿ ಯಾಂತ್ರೀಕೃತ ಪರ್ಸೀನ್ ಬಲೆ ಬಂದ ನಂತರ ರಂಪಣಿಯ ಕಾಲ ಮುಗಿಯುತ್ತ ಬಂದಿತು. ಬೋಟುಗಳು ಮಂಗಳೂರಿನ ಹಳೆ ಬಂದರಿನ ಧಕ್ಕೆಯನ್ನೂ ಮಲ್ಪೆಯನ್ನೂ ನೆಲೆಯಾಗಿಸಿಕೊಂಡವು. ಕುಳಾಯಿ, ಹೊಸಬೆಟ್ಟು, ಸಸಿಹಿತ್ಲುಗಳ ದಡದಲ್ಲಿ ನಾಡದೋಣಿಗಳು ಉಳಿದವು. ಯಾಂತ್ರಿಕ ಬೋಟುಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನಗಳ ನಿಷೇಧವಿರುವಾಗ ನಾಡದೋಣಿಗಳಿಗೆ ಕಡಲು ತೆರೆದಿರುತ್ತದೆ. ಆದರೆ ಮುಂಗಾರಿನ ಅಲೆಗಳ ನಡುವೆ ಸುರಕ್ಷಿತವಾಗಿ ದಡ ಸೇರುವ ನೆಲೆಯಿಲ್ಲದೆ ಹೋದರೆ ಆ ರಿಯಾಯಿತಿಯಿಂದ ಪ್ರಯೋಜನ ಕಡಿಮೆ. ಬಂದರಿಗಾಗಿ ಕಡಲ ತಡಿ ಬಿಟ್ಟುಕೊಟ್ಟವರಿಗೆ ಸರ್ವಋತು ಮೀನುಗಾರಿಕಾ ಜಟ್ಟಿ ಬೇಕೆಂಬುದು ಅತ್ಯಂತ ಹಳೆಯ ಬೇಡಿಕೆ. ಕುಳಾಯಿಯ ಮೀನುಗಾರಿಕಾ ಬಂದರಿಗೆ ಶಿಲಾನ್ಯಾಸವಾದುದು 2022ರ ಸೆಪ್ಟೆಂಬರ್ 2ರಂದು. ಅಂದರೆ ದೊಡ್ಡ ಬಂದರು ಉದ್ಘಾಟನೆಯಾಗಿ 47 ವರ್ಷಗಳ ನಂತರ. ಈ ನಡುವೆ ಮೀನಕಳಿಯ, ಸಸಿಹಿತ್ಲು ಮೊದಲಾದೆಡೆ ಕಡಲ್ಕೊರೆತ ಮನೆಗಳ ಅಂಗಳದವರೆಗೂ ಬಂದಿದೆ.

ಬೀಡಿ: ಕಾಣದ ಕಾರ್ಖಾನೆ

ಕೃಷ್ಣಾಪುರ, ಕಾಟಿಪಳ್ಳ, ಜೋಕಟ್ಟೆ ಮೊದಲಾದ ಊರುಗಳಲ್ಲಿ ತಲೆಮಾರುಗಳಿಂದ ಮನೆ ನಡೆಸಿದ್ದು ಬೀಡಿ. ಬ್ರಾಂಚಿನಿಂದ ಎಲೆ, ಹೊಗೆಸೊಪ್ಪು, ನೂಲು ತರುವುದು. ಎಲೆಯನ್ನು ನೆನೆಸಿ ಕತ್ತರಿಸಿ, ಮಡಿಲಲ್ಲಿ ಗೆರಸೆಯಿಟ್ಟುಕೊಂಡು ಸುತ್ತಿ ಕಟ್ಟುವುದು. ಲೆಕ್ಕ ಒಪ್ಪಿಸಿ ಸಾವಿರಕ್ಕಿಷ್ಟೆಂದು ಮಜೂರಿ ಪಡೆಯುವುದು. ಜಾತಿ, ಮತದ ಭೇದವಿಲ್ಲದೆ ಸಾವಿರಾರು ಹೆಂಗಸರು ಮಕ್ಕಳ ಶಾಲೆಯ ಖರ್ಚನ್ನು ಹೀಗೆಯೇ ದುಡಿದಿದ್ದಾರೆ. ಭವಿಷ್ಯನಿಧಿ, ಬೋನಸ್ಸುಗಳು ದೊರೆತದ್ದು ಕಾರ್ಮಿಕ ಸಂಘಗಳ ದೀರ್ಘ ಹೋರಾಟದ ಫಲ. ಧೂಮಪಾನ ವಿರೋಧಿ ಕಾನೂನುಗಳು ಮತ್ತು 2017ರಲ್ಲಿ ಬೀಡಿಯ ಮೇಲೆ ಬಿದ್ದ ಶೇಕಡಾ 28ರ ಜಿಎಸ್‌ಟಿಯ ನಂತರ ಕೆಲಸದ ದಿನಗಳು ಕಡಿಮೆಯಾದವು. ಹೊಗೆಸೊಪ್ಪಿನ ಧೂಳು, ಬೆನ್ನುನೋವು ಈ ಕಸುಬಿನ ಜೊತೆಗಾರರು. ಹೊಸ ತಲೆಮಾರಿನ ಹುಡುಗಿಯರು ಅಂಗಡಿ, ಆಸ್ಪತ್ರೆ, ಕಚೇರಿಗಳ ಕೆಲಸ ಬಯಸುವುದು ಸಹಜ. ಆದರೆ ಮಧ್ಯವಯಸ್ಸು ಮೀರಿದವರಿಗೆ ಬೀಡಿಗೆ ಬದಲಾದ ಮನೆಗೆಲಸದ ದುಡಿಮೆ ಇನ್ನೂ ದೊರೆತಿಲ್ಲ.

ಯಾರ ಕೆಲಸ, ಯಾರ ಊರು

ಇಂದಿನ ಕಾರ್ಮಿಕ ಸಮುದಾಯವನ್ನು ಸ್ಥೂಲವಾಗಿ ನಾಲ್ಕು ಬಗೆಯಾಗಿ ನೋಡಬಹುದು. ಬೃಹತ್ ಸಂಸ್ಥೆಗಳ ಕಾಯಂ ನೌಕರರು ಮೊದಲನೆಯವರು. ವೇತನ, ವಸತಿ, ಚಿಕಿತ್ಸೆಯ ಭದ್ರತೆ ಇವರದು, ಸಂಖ್ಯೆ ಮಾತ್ರ ಸೀಮಿತ. ಅದೇ ಆವರಣದಲ್ಲಿ ಗುತ್ತಿಗೆಯ ಮೇಲೆ ದುಡಿಯುವವರು ಎರಡನೆಯವರು. ಶುದ್ಧೀಕರಣಾಗಾರದ ವಾರ್ಷಿಕ ದುರಸ್ತಿಯ ಸಮಯದಲ್ಲಿ ಇವರ ಸಂಖ್ಯೆ ಏರಿ, ಕೆಲಸ ಮುಗಿದೊಡನೆ ಇಳಿಯುತ್ತದೆ. ಸಣ್ಣ ಘಟಕ, ಸಾರಿಗೆ, ಮೀನು, ಬೀಡಿ, ಅಂಗಡಿಗಳನ್ನು ನಂಬಿದ ಸ್ಥಳೀಯರು ಮೂರನೆಯವರು. ಉತ್ತರ ಕರ್ನಾಟಕದಿಂದಲೂ ಬಂಗಾಳ, ಒಡಿಶಾ, ಬಿಹಾರ, ಉತ್ತರ ಪ್ರದೇಶಗಳಿಂದಲೂ ಬಂದ ವಲಸೆ ಕಾರ್ಮಿಕರು ನಾಲ್ಕನೆಯವರು.

ಈ ನಾಲ್ಕನೆಯವರ ಪಾಲಿನ ಅಪಾಯ ದೊಡ್ಡದು. 2022ರ ಏಪ್ರಿಲ್ 17ರಂದು ವಿಶೇಷ ಆರ್ಥಿಕ ವಲಯದ ಮೀನು ಸಂಸ್ಕರಣಾ ಘಟಕವೊಂದರ ತ್ಯಾಜ್ಯದ ತೊಟ್ಟಿಗೆ ಇಳಿದವನನ್ನೂ ಅವನನ್ನು ಉಳಿಸಲು ಹೋದವರನ್ನೂ ಸೇರಿಸಿ ಪಶ್ಚಿಮ ಬಂಗಾಳದ ಐವರು ವಿಷಾನಿಲಕ್ಕೆ ಬಲಿಯಾದರು. ಕಾಯಂ ನೌಕರರಿಗೂ ಪೂರ್ಣ ರಕ್ಷಣೆಯಿಲ್ಲ ಎಂಬುದನ್ನು 2025ರ ಜುಲೈ 12ರಂದು ಶುದ್ಧೀಕರಣಾಗಾರದಲ್ಲಿ ವಿಷಾನಿಲ ಸೋರಿ ಇಬ್ಬರು ಮೃತಪಟ್ಟ ಘಟನೆ ತೋರಿಸಿತು.

ಸ್ಥಳೀಯರಿಗೆ ಉದ್ಯೋಗ ಎಂಬ ಕೂಗು ಹಳೆಯದು. 1980ರ ದಶಕದ ಸರೋಜಿನಿ ಮಹಿಷಿ ಸಮಿತಿಯ ಶಿಫಾರಸುಗಳ ಕಾಲದಿಂದಲೂ ಅದು ಕೇಳಿಬರುತ್ತಿದೆ. 2021ರಲ್ಲಿ ಶುದ್ಧೀಕರಣಾಗಾರದ ನೇಮಕಾತಿಯಲ್ಲಿ ಜಿಲ್ಲೆಯವರು ವಿರಳವೆಂಬ ಕಾರಣಕ್ಕೆ ಪ್ರತಿಭಟನೆಗಳು ನಡೆದವು. ಖಾಸಗಿ ಉದ್ಯಮಗಳಲ್ಲಿ ಸ್ಥಳೀಯರಿಗೆ ಮೀಸಲಾತಿ ನೀಡುವ ಮಸೂದೆಗೆ 2024ರ ಜುಲೈಯಲ್ಲಿ ರಾಜ್ಯ ಸಂಪುಟ ಒಪ್ಪಿಗೆಯಿತ್ತು, ಎರಡೇ ದಿನಗಳಲ್ಲಿ ತಡೆಹಿಡಿಯಿತು. ಅಖಿಲ ಭಾರತ ಮಟ್ಟದ ಸ್ಪರ್ಧೆಯಿಂದ ಆಯ್ಕೆ ಮಾಡಬೇಕಾದ ಕೇಂದ್ರೋದ್ಯಮದ ನಿಯಮವನ್ನೂ ಭೂಮಿ ಕೊಟ್ಟವನ ಮಗನ ನಿರೀಕ್ಷೆಯನ್ನೂ ಹೊಂದಿಸುವ ಸೂತ್ರ ಇನ್ನೂ ರೂಪುಗೊಂಡಿಲ್ಲ.

ಉದ್ಯಮದ ಹೊರೆಯಲ್ಲಿ ಮಾತ್ರ ಸ್ಥಳೀಯರಿಗೆ ಪೂರ್ಣ ಪಾಲಿದೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2009ರಲ್ಲಿ ಗುರುತಿಸಿದ ಅತಿ ಮಲಿನ ಕೈಗಾರಿಕಾ ಪ್ರದೇಶಗಳ ಪಟ್ಟಿಯಲ್ಲಿ ಮಂಗಳೂರು ಸೇರಿತ್ತು. ಹೊಸ ಯೋಜನೆಗಳಿಗೆ ಕೆಲಕಾಲ ತಡೆಯೂ ಬಿದ್ದಿತ್ತು. ಕೋಕ್ ಧೂಳಿನ ವಿರುದ್ಧ ಜೋಕಟ್ಟೆಯ ಜನ ವರ್ಷಗಟ್ಟಲೆ ಹೋರಾಡಬೇಕಾಯಿತು.

ಅರುವತ್ತು ವರ್ಷಗಳ ಈ ಲೆಕ್ಕವನ್ನು ಕೂಡಿಸಿ ಕಳೆದು ನೋಡಿದರೆ ಲಾಭವೇ ಇಲ್ಲವೆನ್ನಲಾಗದು. ರಸ್ತೆ, ಶಾಲೆ, ವ್ಯಾಪಾರ, ನಗರ ಸೌಕರ್ಯಗಳು ಬಂದಿವೆ. ಬಂದರಿಲ್ಲದ ಮಂಗಳೂರನ್ನು ಊಹಿಸುವುದೂ ಕಷ್ಟ. ಆದರೆ ಈ ಕಡಲ ತಡಿಗೆ ಬಂದ ಉದ್ಯಮಗಳು ಬಹುಪಾಲು ನೆಲ, ನೀರು ಮತ್ತು ಬಂದರನ್ನು ಅರಸಿ ಬಂದವು. ಕೈಗಳನ್ನು ಅರಸಿ ಬಂದವಲ್ಲ. ಮುಂದಿನ ಯೋಜನೆಗೆ ಜಾಗ ಗುರುತಿಸುವಾಗ ಎಷ್ಟು ಕೋಟಿಯ ಹೂಡಿಕೆ ಎಂಬುದರ ಜೊತೆಗೆ ಎಷ್ಟು ಮಂದಿಗೆ, ಎಷ್ಟು ವರ್ಷ, ಯಾವ ಬಗೆಯ ಕೆಲಸ ಎಂಬುದನ್ನೂ ಕಾಗದದ ಮೇಲೆ ಬರೆದುಕೊಡಬೇಕೆಂದು ಒಂಬತ್ತನೇ ಬ್ಲಾಕಿನ ನಿವಾಸಿ ಕೇಳಿದರೆ ಆ ಪ್ರಶ್ನೆಯನ್ನು ಅಭಿವೃದ್ಧಿಯ ವಿರೋಧವೆಂದು ತಳ್ಳಿಹಾಕುವಂತಿಲ್ಲ.